ಜಾಮ್ ಆದ ಬೋಲ್ಟು: ಕಾಯಿಸೋದಾ, ನೆನೆಸೋದಾ, ಕತ್ತರಿಸೋದಾ?

ಕೆಸರುಗಾಡಿ: ಹಳೇ ಫೋರ್ ವ್ಹೀಲ್ ಡ್ರೈವ್ ಗಾಡಿಯೊಂದನ್ನ ಪೂರ್ತಿ ಬಿಚ್ಚಿ ಮತ್ತೆ ಕಟ್ಟೋಕೆ ಕೈ ಹಾಕಿದ್ದೀನಿ. ಬಾಡಿನ ಛಾಸಿ (ಕೆಳಗಿನ ಉಕ್ಕಿನ ಚೌಕಟ್ಟು) ಮೇಲಿಂದ ಎತ್ತಬೇಕು. ಬಾಡಿನ ಛಾಸಿಗೆ ಹಿಡಿಯೋ ಬಾಡಿ ಮೌಂಟ್ ಬೋಲ್ಟು, ಹಿಂದಿನ ಲೀಫ್ ಸ್ಪ್ರಿಂಗಿನ ತುದಿನ ಛಾಸಿಗೆ ಜೋಡಿಸೋ ಶ್ಯಾಕಲ್ ಪಟ್ಟಿಯ ಬೋಲ್ಟು, ಯಾವುದೂ ಜಪ್ಪಯ್ಯ ಅಂದ್ರೂ ಅಲುಗ್ತಿಲ್ಲ. ಕೆಲವದರ ತಲೆ ದುಂಡಗಾಗೋಕೆ ಶುರುವಾಗಿದೆ. ತುಕ್ಕು ಬಿಡಿಸೋ ಸ್ಪ್ರೇ ಹೊಡೆದಿದ್ದಾಯ್ತು. ಗ್ಯಾಸ್ ಹಚ್ಚಲಾ, ಇನ್ನೂ ಕಾಯಲಾ?

ನೀಲಿಜ್ವಾಲೆ: ಕಾಯಿಸಿ, ಬೇರೆ ಮಾತೇ ಇಲ್ಲ. ಕಬ್ಬಿಣ ತುಕ್ಕಾದಾಗ ಮೊದಲಿಗಿಂತ ಎಷ್ಟೋ ಪಟ್ಟು ಜಾಗ ಕೇಳುತ್ತೆ. ಥ್ರೆಡ್ ಸಂದಿಯಲ್ಲಿ ಆ ಜಾಗ ಎಲ್ಲಿಂದ ಬರಬೇಕು? ಬೆಣೆ ಹೊಡೆದ ಹಾಗೆ ಕೂತುಬಿಡುತ್ತೆ. ನಟ್ಟನ್ನ ಕೆಂಪಗೆ ಕಾಯಿಸಿ, ಬೋಲ್ಟನ್ನಲ್ಲ. ನಟ್ಟು ಹಿಗ್ಗಿದ್ರೆ ಹಿಡಿತ ಬಿಡುತ್ತೆ. ಬೋಲ್ಟೇ ಕಾದ್ರೆ ಇನ್ನೂ ಬಿಗಿ.

ಎಣ್ಣೆಡಬ್ಬಿ: ಎಷ್ಟು ಹಿಗ್ಗುತ್ತೆ ಅಂತ ಲೆಕ್ಕ ಹಾಕಿದ್ದೀರಾ ಸಾರ್? ಉಕ್ಕು ಒಂದು ಮೀಟರ್ ಉದ್ದಕ್ಕೆ, ಒಂದು ಡಿಗ್ರಿಗೆ ಸುಮಾರು 12 ಮೈಕ್ರೋಮೀಟರ್ ಹಿಗ್ಗುತ್ತೆ. 12 ಮಿ.ಮೀ. ತೂತಿನ ನಟ್ಟು 500 ಡಿಗ್ರಿ ಏರಿದ್ರೂ ಸಿಗೋದು 0.07 ಮಿ.ಮೀ. ಅದೂ ಬೋಲ್ಟು ತಣ್ಣಗೇ ಉಳಿದ್ರೆ. ಆಟೋಮ್ಯಾಟಿಕ್ ಗೇರ್ ಆಯಿಲ್‌ಗೆ ಅಸಿಟೋನ್ ಸಮಸಮ ಸೇರಿಸಿ ಬೆಳಿಗ್ಗೆ ಸಂಜೆ ಹಚ್ಚಿ, ಜೊತೆಗೆ ಸುತ್ತಿಗೆಯಲ್ಲಿ ತಲೆ ಮೇಲೆ ನೇರವಾಗಿ ತಟ್ಟುತ್ತಿರಿ. ತಾಳ್ಮೆ ಇದ್ರೆ ಬರುತ್ತೆ.

ನೀಲಿಜ್ವಾಲೆ: 0.07 ಸಾಕು ಕಣ್ರೀ! ತುಕ್ಕು ಪೆಡಸು. ಒಂದು ಸಲ ಪದರ ಬಿರುಕು ಬಿಟ್ರೆ ಎಣ್ಣೆಗೂ ದಾರಿ ಆಗುತ್ತೆ. ಬಿಸಿ ಇಳೀತಾ ಇರುವಾಗ ಮೇಣದಬತ್ತಿ ಮುಟ್ಟಿಸಿ ನೋಡಿ, ಕರಗಿದ ಮೇಣ ಥ್ರೆಡ್ ಒಳಗೆ ಇಳಿಯುತ್ತೆ. ಇನ್ನು ನಿಮ್ಮ ಅಸಿಟೋನ್ ಆ ಎಣ್ಣೆ ಜೊತೆ ಸರಿಯಾಗಿ ಬೆರೆಯೋದೇ ಇಲ್ಲ, ಡಬ್ಬಿ ಇಟ್ಟ ಕಡೆ ಬೇರೆ ಬೇರೆ ಆಗಿ ನಿಲ್ಲುತ್ತೆ. ಬೇಗ ಆವಿಯಾಗುತ್ತೆ, ಬೇಗ ಹೊತ್ಕೊಳ್ಳುತ್ತೆ ಕೂಡ.

ಎಣ್ಣೆಡಬ್ಬಿ: ಅಲ್ಲಾಡಿಸಿ ಹಚ್ಚಬೇಕು, ಅಷ್ಟೇ. ಹೊತ್ಕೊಳ್ಳುತ್ತೆ ಅನ್ನೋದು ಒಪ್ಪಿದೆ. ಅದಕ್ಕೇ ನಾನು ಹೇಳಿದ್ದು ಬೆಂಕಿ ಬೇಡ ಅಂತ.

ಸುತ್ತಿಗೆಕಾಕಾ: ಇಬ್ಬರೂ ಜಗಳಾ ಆಡಾಕತ್ತೀರಿ, ಆ ಬೋಲ್ಟ್ ಎಲ್ಲಿ ಐತಿ ಅಂತ ಯಾರೂ ಕೇಳವಲ್ಲಿರಿ. ಶ್ಯಾಕಲ್ ಬೋಲ್ಟಿನ ತ್ರಾಸು ಥ್ರೆಡ್‌ನಾಗ ಇರಂಗಿಲ್ಲ. ನಟ್ ಬಿಚ್ಚಿ ಬಂದ್ರೂ ಬೋಲ್ಟ್ ಬರಂಗಿಲ್ಲ, ಯಾಕಂದ್ರ ಅದು ಬುಷ್ ಅನ್ನೋ ರಬ್ಬರ್ ಮೆತ್ತಿ ಒಳಗಿನ ಉಕ್ಕಿನ ಕೊಳವಿಗೆ ಉದ್ದಕ್ಕೂ ತುಕ್ಕು ಹಿಡಿದು ಕುಂತಿರ್ತೈತಿ. ತಲಿ ತಿರುವಿದ್ರ ಬುಷ್‌ನ ರಬ್ಬರ್ ಹೊರಳಿ ಮತ್ತ ವಾಪಸ್ ಬರ್ತೈತಿ. ಗ್ಯಾಸ್ ಹಚ್ಚಿದ್ರ ರಬ್ಬರ್ ಹತ್ತಿ ಉರೀತೈತಿ. ಛಾಸಿಗೆ ಸ್ಟ್ಯಾಂಡ್ ಕೊಟ್ಟು, ಆಕ್ಸಲ್‌ಗೆ ಬ್ಯಾರೆ ಜಾಕ್ ಕೊಟ್ಟು, ಸ್ಪ್ರಿಂಗ್ ಮ್ಯಾಲಿನ ಭಾರ ತೆಗೀರಿ. ಆಮ್ಯಾಲ ಶ್ಯಾಕಲ್ ಪಟ್ಟಿಗೂ ಬುಷ್‌ಗೂ ನಡುವ ಬ್ಲೇಡ್ ಹಾಕಿ ಎರಡೂ ಕಡೆ ಕತ್ತರಿಸಿ ಒಗೀರಿ. ಹೆಂಗೂ ಬುಷ್, ಬೋಲ್ಟ್ ಎರಡೂ ಹೊಸಾವೇ ಹಾಕ್ತೀರಿ, ಉಳಿಸಿ ಏನ್ ಮಾಡೋದೈತಿ?

ಕೆಸರುಗಾಡಿ: ಕಾಕಾ, ಶ್ಯಾಕಲ್ ಹಂಗೇ ಮಾಡ್ತೀನಿ. ಬಾಡಿ ಮೌಂಟಿಗೆ? ನಟ್ಟು ಛಾಸಿ ಪೆಟ್ಟಿಗೆ ಒಳಗೆ ಬೆಸುಗೆ ಹಾಕಿದ್ದು, ಕೈ ಹೋಗಲ್ಲ. ಮೇಲೆ ರಬ್ಬರ್ ಪ್ಯಾಡ್ ಬೇರೆ.

ಲೋಹಮರುಳ: ಅಲ್ಲಿ ಬಲ ಹಾಕಿದ್ರೆ ಒಂದೋ ಬೋಲ್ಟ್ ತುಂಡಾಗುತ್ತೆ, ಇಲ್ಲ ಒಳಗಿನ ನಟ್ಟಿನ ಬೆಸುಗೆ ಕಿತ್ತು ಬೋಲ್ಟ್ ಜೊತೆಗೇ ಸುತ್ತೋಕೆ ಶುರು ಮಾಡುತ್ತೆ. ಎರಡನೆಯದೇ ಕೆಟ್ಟದ್ದು. ಆಮೇಲೆ ಛಾಸಿ ಪಕ್ಕಕ್ಕೆ ಕಿಟಕಿ ಕೊರೆದು ನಟ್ಟು ಹಿಡಿಯಬೇಕು, ಮತ್ತೆ ಮುಚ್ಚಿ ವೆಲ್ಡ್ ಮಾಡಬೇಕು. ಅದರ ಬದಲು ಬೋಲ್ಟಿನ ತಲೆಯನ್ನೇ ಗ್ರೈಂಡರಿನಲ್ಲಿ ಉಜ್ಜಿ ತೆಗೆದುಬಿಡಿ. ಬಾಡಿ ಎತ್ತಿದಾಗ ಪ್ಯಾಡ್‌ಗಳನ್ನೂ ತೆಗೆದುಬಿಡಬಹುದು, ಬೋಲ್ಟಿನ ಕಾಂಡ ಮಾತ್ರ ಛಾಸಿ ಮೇಲೆ ನಿಂತಿರುತ್ತೆ. ಸುತ್ತ ರಬ್ಬರ್ ಇಲ್ಲ, ಪೇಂಟ್ ಚಿಂತೆ ಇಲ್ಲ. ಆಗ ನೀಲಿಜ್ವಾಲೆಯವರ ಗ್ಯಾಸ್ ತನ್ನಿ, ಅಥವಾ ಕಾಂಡದ ಮೇಲೊಂದು ಹೊಸ ನಟ್ಟು ಕೂರಿಸಿ ವೆಲ್ಡ್ ಮಾಡಿ. ಹಿಡಿಯೋಕೆ ತಲೆಯೂ ಸಿಕ್ಕಿತು, ವೆಲ್ಡಿಂಗಿನ ಕಾವೂ ಒಳಗಿಳಿಯಿತು.

ನೀಲಿಜ್ವಾಲೆ: ಇದು ಮಾತು. ಬಾಡಿ ಎತ್ತಿದ ಮೇಲೆ ಅನ್ನೋದನ್ನ ಒಪ್ಕೊಂಡೆ.

ಎಣ್ಣೆಡಬ್ಬಿ: ಕೆಂಪಗೆ ಕಾದ ಬೋಲ್ಟನ್ನ ತೊಳೆದು ಮತ್ತೆ ಹಾಕೋರೂ ಇದ್ದಾರೆ, ಅದನ್ನೂ ಹೇಳಿಬಿಡಿ.

ಲೋಹಮರುಳ: ಹಾಕಲೇಬಾರದು. ತಲೆ ಮೇಲೆ 8.8 ಅಂತಿದ್ರೆ ಎಳೆತಕ್ಕೆ 800 ಮೆಗಾಪಾಸ್ಕಲ್ ತಡೆಯುತ್ತೆ, ಅದರ 80 ಪ್ರತಿಶತ ಅಂದರೆ 640ರವರೆಗೆ ಹಿಗ್ಗಿದ್ದು ವಾಪಸ್ ಬರುತ್ತೆ ಅಂತರ್ಥ. ಆ ಬಲ ಬಂದಿದ್ದೇ ಶಾಖ ಸಂಸ್ಕಾರದಿಂದ. ಕೆಂಪಾಗುವಷ್ಟು ಕಾಯಿಸಿದ್ರೆ ಅದು ಹೋಯ್ತು, ನೋಡೋಕೆ ಮಾತ್ರ ಬೋಲ್ಟು.

ಇನ್ನೊಂದು, ಇದು ತಮಾಷೆ ಅಲ್ಲ: ಗ್ಯಾಸ್ ಹಚ್ಚೋ ಜಾಗಕ್ಕೆ ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೀಬೇಡಿ. ಕಾದ್ರೆ ಫಾಸ್ಜೀನ್ ಹುಟ್ಟಬಹುದು. ಮೊದಲ ಮಹಾಯುದ್ಧದಲ್ಲಿ ಆಯುಧವಾಗಿ ಬಳಸಿದ್ದ ಅನಿಲ ಅದು. ಪೆಟ್ರೋಲ್ ಟ್ಯಾಂಕ್, ಬ್ರೇಕ್ ಪೈಪ್ ಪಕ್ಕದಲ್ಲಿದ್ರೆ ಇಂಡಕ್ಷನ್ ಹೀಟರ್ ಹುಡುಕಿ, ಜ್ವಾಲೆಯೇ ಇರಲ್ಲ. ಆದ್ರೂ ಟ್ಯಾಂಕ್ ಇಳಿಸೋದೇ ಲೇಸು.

ಸುತ್ತಿಗೆಕಾಕಾ: ತಲಿ ದುಂಡಗಾಗೇತಿ ಅಂದಿರಲ್ಲ, ಯಾವ ಸಾಕೆಟ್ ಹಾಕಿದ್ರಿ? ಹಳೇ ಗಾಡಿ ಇಂಚಿನ ಲೆಕ್ಕದಾಗಿದ್ರ ಅರ್ಧ ಇಂಚು ಅಂದ್ರ 12.7 ಮಿ.ಮೀ. ಅದಕ್ಕ 13 ಹಾಕಿದ್ರ ಮೂಲಿ ಸವೀದ ಇನ್ನೇನು. ಆರು ಮೂಲಿ ಸಾಕೆಟ್ ಬಳಸ್ರಿ, ಹನ್ನೆರಡು ಮೂಲಿದು ಬ್ಯಾಡ. ಮೊದಲ ಒಂಚೂರು ಬಿಗಿ ಮಾಡಿ ಆಮ್ಯಾಲ ಸಡಲ ಮಾಡ್ರಿ. ಉದ್ದ ಪೈಪ್ ಹಾಕಿ ಜಗ್ಗಬ್ಯಾಡ್ರಿ, ಅದರಿಂದನ ತುಂಡಾಗೋದು.

ಕೆಸರುಗಾಡಿ: 13 ಸಾಕೆಟ್ಟೇ ಹಾಕಿದ್ದೆ. ಸರಿ ಕಾಕಾ. ಎಡಗಡೆ ಚಕ್ರದ ನಟ್ಟೂ ಬರ್ತಿಲ್ಲ, ಅದನ್ನೂ ಕಾಯಿಸಬೇಕಾ?

ಲೋಹಮರುಳ: ಯಾವ ಕಡೆಗೆ ತಿರುಗಿಸ್ತಿದ್ದೀರಾ? ಎರಡನೇ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಎಡಗಡೆ ಚಕ್ರಗಳಿಗೆ ಎಡಥ್ರೆಡ್, ಅಂದ್ರೆ ಗಡಿಯಾರದ ದಿಕ್ಕಿಗೆ ತಿರುಗಿಸಿದ್ರೆ ಸಡಿಲ. ನಿಮ್ಮದೂ ಆ ಜಾತಿಯದಾದ್ರೆ ಇಷ್ಟು ಹೊತ್ತೂ ಬಿಗಿ ಮಾಡ್ತಿದ್ದೀರಿ ಅಂತಾಯ್ತು. ಸ್ಟಡ್ ತುದಿಯಲ್ಲೋ ನಟ್ಟಿನ ಮೇಲೋ ಗುರುತಿದೆಯಾ, ತುಕ್ಕು ಉಜ್ಜಿ ನೋಡಿ.

ಎಣ್ಣೆಡಬ್ಬಿ: ವಾಪಸ್ ಹಾಕುವಾಗ ಥ್ರೆಡ್‌ಗೆ ಜಾಮ್ ಆಗದ ಹಾಗೆ ತಡೆಯೋ ತಾಮ್ರದ ಆಂಟಿ ಸೀಜ್ ಪೇಸ್ಟ್ ಹಚ್ಚಿ. ಚಕ್ರದ ನಟ್ಟಿಗೆ ಮಾತ್ರ ಬೇಡ. ಜಾರುವಿಕೆ ಜಾಸ್ತಿ ಆಗುತ್ತೆ, ಒಣ ಥ್ರೆಡ್‌ಗೆ ಹೇಳಿದ ಟಾರ್ಕೇ (ತಿರುಗಿಸೋ ಬಲ) ಕೊಟ್ರೆ ಬೋಲ್ಟ್ ಮೇಲೆ ಎಳೆತ ಮೀರುತ್ತೆ.

ಸುತ್ತಿಗೆಕಾಕಾ: ಗ್ರೈಂಡರ್ ಹಿಡಿಯೋಕಿಂತ ಮೊದಲ ಬೋಲ್ಟಿನ ದಪ್ಪ, ಥ್ರೆಡ್ ಬರಕೊಳ್ರಿ. ಉದ್ದ ತಿಳೀಬೇಕಂದ್ರ ಕತ್ತರಿಸಿದ ತುಂಡು ಒಂದೂ ಒಗೀಬ್ಯಾಡ್ರಿ.