ಆನ್ ಆಗದ ಲ್ಯಾಪ್‌ಟಾಪನ್ನು ಮಾರುವ ಮುನ್ನ ಅದರಲ್ಲಿರುವ ದಾಖಲೆಗಳನ್ನು ಅಳಿಸುವುದು ಹೇಗೆ?

ಪ್ರಶ್ನೆ: ಬದಿಯಡ್ಕದ ಡಿಟಿಪಿ ಅಂಗಡಿ

ಎಲ್ಲರಿಗೂ ನಮಸ್ಕಾರ. ನಾನು ಕಾಸರಗೋಡಿನ ಬದಿಯಡ್ಕದಲ್ಲಿ ಡಿಟಿಪಿ ಮತ್ತು ಅರ್ಜಿ ತುಂಬಿಸಿಕೊಡುವ ಸಣ್ಣ ಅಂಗಡಿಯೊಂದನ್ನು ನಡೆಸುತ್ತಿರುವವಳು. ಹಿಂಗಾರಿನ ಒಂದು ಸಂಜೆ ಸಿಡಿಲು ಬಡಿದಾಗ ಚಾರ್ಜಿಗೆ ಹಾಕಿದ್ದ ಅಂಗಡಿಯ ಲ್ಯಾಪ್‌ಟಾಪು ಮತ್ತೆ ಆನ್ ಆಗಲೇ ಇಲ್ಲ. ಮದರ್‌ಬೋರ್ಡ್ ಹೋಗಿದೆ, ಅದನ್ನು ಬದಲಿಸುವ ಖರ್ಚಿಗೆ ಸ್ವಲ್ಪ ಸೇರಿಸಿದರೆ ಬೇರೆ ಲ್ಯಾಪ್‌ಟಾಪೇ ಸಿಗುತ್ತದೆ ಎಂದು ರಿಪೇರಿಯವರು ಹೇಳಿದ್ದಾರೆ. ಸ್ಕ್ರೀನ್, ಕೀಬೋರ್ಡ್, ರ‍್ಯಾಮ್ ಎಲ್ಲ ಚೆನ್ನಾಗಿರುವುದರಿಂದ ಬಿಡಿಭಾಗಗಳಿಗಾಗಿ ಕೊಳ್ಳಲು ಒಬ್ಬರು ಮುಂದೆ ಬಂದಿದ್ದಾರೆ.

ನನ್ನ ಚಿಂತೆ ಬೆಲೆಯದ್ದಲ್ಲ. ಅದರೊಳಗೆ ನನ್ನ ದಾಖಲೆಗಳಿಗಿಂತ ಊರಿನವರ ದಾಖಲೆಗಳೇ ಹೆಚ್ಚಾಗಿವೆ. ಆಧಾರ್ ಪ್ರತಿ, ರೇಷನ್ ಕಾರ್ಡು, ವಿಲೇಜ್ ಆಫೀಸಿನ ತೆರಿಗೆ ರಶೀದಿ, ಪಿಂಚಣಿ ಅರ್ಜಿಗೆ ಕೊಟ್ಟ ಬ್ಯಾಂಕ್ ಪುಸ್ತಕದ ಮೊದಲ ಪುಟ, ಮಕ್ಕಳ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಇವೆಲ್ಲವನ್ನೂ ಸ್ಕ್ಯಾನ್ ಮಾಡಿ ಒಬ್ಬೊಬ್ಬರ ಹೆಸರಿನ ಫೋಲ್ಡರಿನಲ್ಲಿ ಇಟ್ಟಿದ್ದೇನೆ. ನಂಬಿ ಕೊಟ್ಟ ಕಾಗದಗಳು ಯಾರ ಕೈಗೋ ಹೋಗಬಾರದು. ಕೆಲವರು "ಕೆಟ್ಟುಹೋದದ್ದರಲ್ಲಿ ಏನು ನೋಡಲಿಕ್ಕಿದೆ" ಎನ್ನುತ್ತಾರೆ. ಆದರೂ ನನಗೆ ಸಮಾಧಾನವಿಲ್ಲ. ಆನ್ ಆಗದ ಯಂತ್ರದಿಂದ ಫೈಲುಗಳನ್ನು ಅಳಿಸುವುದು ಹೇಗೆ? ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ ಯಕ್ಷಗಾನ ಪ್ರಸಂಗವೊಂದರ ಹಸ್ತಪ್ರತಿಯೂ ಅದರಲ್ಲಿದ್ದು, ಅಳಿಸುವ ಮೊದಲು ಅದನ್ನು ಹೊರಗೆ ತೆಗೆದುಕೊಳ್ಳಬೇಕಾಗಿದೆ. ತಿಳಿದವರು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ: ಉಪ್ಪಳದ ಕಂಪ್ಯೂಟರ್ ರಿಪೇರಿಯವನು

ನಮಸ್ಕಾರ ಅಕ್ಕ. ಹೋಗಿರುವುದು ಮದರ್‌ಬೋರ್ಡ್, ದಾಖಲೆಗಳಿರುವುದು ಡಿಸ್ಕಿನಲ್ಲಿ. ಇವೆರಡೂ ಬೇರೆ ಬೇರೆ ಭಾಗಗಳು. ಸಿಡಿಲಿಗೆ ಬೋರ್ಡ್ ಸುಟ್ಟ ಲ್ಯಾಪ್‌ಟಾಪುಗಳು ನಮ್ಮ ಅಂಗಡಿಗೆ ಪ್ರತಿವರ್ಷ ಬರುತ್ತವೆ, ಅವುಗಳಲ್ಲಿ ಹೆಚ್ಚಿನವುಗಳ ಡಿಸ್ಕು ಏನೂ ಆಗದೆ ಉಳಿದಿರುತ್ತದೆ. ಆದ್ದರಿಂದ ಕೆಟ್ಟುಹೋದದ್ದರಲ್ಲಿ ಏನೂ ಕಾಣುವುದಿಲ್ಲ ಎಂಬ ಮಾತನ್ನು ನಂಬಬೇಡಿ. ಕೊಂಡವರು ಡಿಸ್ಕನ್ನು ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ನಿಮ್ಮ ಫೋಲ್ಡರುಗಳೆಲ್ಲ ಹೆಸರು ಸಹಿತ ತೆರೆದುಕೊಳ್ಳುತ್ತವೆ. ವಿಂಡೋಸಿನ ಲಾಗಿನ್ ಪಾಸ್‌ವರ್ಡ್ ಅದನ್ನು ತಡೆಯುವುದಿಲ್ಲ.

ಮೊದಲು ಚಾರ್ಜರ್ ತೆಗೆದು, ಹಿಂದಿನ ಮುಚ್ಚಳ ಬಿಚ್ಚಿ, ಬ್ಯಾಟರಿಯ ಕನೆಕ್ಟರನ್ನು ಕಳಚಿಡಿ. ಒಳಗೆ ಅಂಗೈಯಗಲದ, 7 ಅಥವಾ 9.5 ಮಿಲಿಮೀಟರ್ ದಪ್ಪದ ಲೋಹದ ಪೆಟ್ಟಿಗೆ ಕಂಡರೆ ಅದು ಎರಡೂವರೆ ಇಂಚಿನ ಸಾಟಾ ಡಿಸ್ಕು. ಮೇಲಿನ ಚೀಟಿಯಲ್ಲಿ 5400 ಆರ್‌ಪಿಎಂ ಎಂದೇನಾದರೂ ಇದ್ದರೆ ತಿರುಗುವ ಹಾರ್ಡ್‌ಡಿಸ್ಕು, ಎಸ್‌ಎಸ್‌ಡಿ ಎಂದಿದ್ದರೆ ತಿರುಗುವ ಭಾಗವಿಲ್ಲದ, ಮೆಮೊರಿ ಚಿಪ್ಪಿನದ್ದು. ಹಾಗಲ್ಲದೆ ಚ್ಯೂಯಿಂಗ್ ಗಮ್ ಪಟ್ಟಿಯಂತಹ, 22 ಮಿಲಿಮೀಟರ್ ಅಗಲದ ಹಲಗೆಯೊಂದನ್ನು ಒಂದೇ ಸ್ಕ್ರೂವಿನಿಂದ ಬಿಗಿದಿದ್ದರೆ ಅದು ಎಂ.2 ಎಸ್‌ಎಸ್‌ಡಿ. ಒಂದು ಸಿಕ್ಕಿತೆಂದು ಹುಡುಕುವುದನ್ನು ನಿಲ್ಲಿಸಬೇಡಿ, ಏಕೆಂದರೆ ವಿಂಡೋಸಿಗೆ ಸಣ್ಣ ಎಸ್‌ಎಸ್‌ಡಿ, ಫೈಲುಗಳಿಗೆ ದೊಡ್ಡ ಹಾರ್ಡ್‌ಡಿಸ್ಕು ಎಂದು ಎರಡೂ ಇರುವ ಮಾದರಿಗಳು ಬಹಳ ಇವೆ. ಪಕ್ಕದ ಕಿಂಡಿಯಲ್ಲಿ ಮೆಮೊರಿ ಕಾರ್ಡು ಉಳಿದಿದೆಯೇ ಎಂಬುದನ್ನೂ ನೋಡಿಬಿಡಿ.

ತೆಗೆದ ಡಿಸ್ಕನ್ನು ಯುಎಸ್‌ಬಿ ಎನ್‌ಕ್ಲೋಶರಿನಲ್ಲಿ (ಡಿಸ್ಕನ್ನು ಯುಎಸ್‌ಬಿ ಮೂಲಕ ಜೋಡಿಸುವ ಸಣ್ಣ ಪೆಟ್ಟಿಗೆ) ಹಾಕಿ ಇನ್ನೊಂದು ಕಂಪ್ಯೂಟರಿಗೆ ಚುಚ್ಚಿದರೆ ಅದು ಪೆನ್‌ಡ್ರೈವಿನಂತೆ ತೆರೆಯುತ್ತದೆ. ಎನ್‌ಕ್ಲೋಶರ್ ಕೊಳ್ಳುವಾಗ ಡಿಸ್ಕನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಎಂ.2ರಲ್ಲಿ ಎನ್‌ವಿಎಂಇ ಮತ್ತು ಸಾಟಾ ಎಂಬ ಎರಡು ಬಗೆಯ ಜೋಡಣೆಗಳಿದ್ದು, ಒಂದಕ್ಕೆ ಮಾಡಿದ ಎನ್‌ಕ್ಲೋಶರಿನಲ್ಲಿ ಇನ್ನೊಂದು ಹೆಚ್ಚಾಗಿ ಕೆಲಸ ಮಾಡುವುದಿಲ್ಲ. ಜೋಡಿಸಿದಾಗ 48 ಅಂಕಿಗಳ ರಿಕವರಿ ಕೀ ಕೇಳಿದರೆ ಡಿಸ್ಕಿಗೆ ಬಿಟ್‌ಲಾಕರ್ ಎಂಬ ವಿಂಡೋಸಿನ ಗೂಢಲಿಪಿ ಬೀಗವಿದೆ ಎಂದರ್ಥ. ಆ ಕೀ ಸಾಮಾನ್ಯವಾಗಿ ನೀವು ಲಾಗಿನ್ ಆಗಿದ್ದ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಪ್ರಸಂಗದ ಫೈಲನ್ನು ನಕಲು ಮಾಡಿ, ಅದು ಹೊಸ ಜಾಗದಲ್ಲಿ ಪೂರ್ತಿ ತೆರೆಯುತ್ತದೆಯೇ ಎಂದು ಕೊನೆಯ ಪುಟದವರೆಗೂ ನೋಡಿದ ಮೇಲೆಯೇ ಮುಂದಿನ ಕೆಲಸಕ್ಕೆ ಕೈಹಾಕಿ.

ಅಳಿಸುವಾಗ ಡಿಲೀಟ್ ಮಾಡಿದರೆ ಅಥವಾ ಕ್ವಿಕ್ ಫಾರ್ಮ್ಯಾಟ್ ಕೊಟ್ಟರೆ ಸಾಲದು. ಅವು ಫೈಲು ಎಲ್ಲಿದೆ ಎಂಬ ಗುರುತನ್ನು ತೆಗೆಯುತ್ತವೆಯೇ ಹೊರತು ಫೈಲನ್ನಲ್ಲ, ರಿಕವರಿ ಸಾಫ್ಟ್‌ವೇರುಗಳು ಅದನ್ನು ಸುಲಭವಾಗಿ ಹಿಂದಕ್ಕೆ ತರುತ್ತವೆ. ಕ್ವಿಕ್ ಎಂಬಲ್ಲಿನ ಗುರುತನ್ನು ತೆಗೆದು ಪೂರ್ಣ ಫಾರ್ಮ್ಯಾಟ್ ಕೊಟ್ಟರೆ, ವಿಂಡೋಸ್ ವಿಸ್ತಾದ ನಂತರದ ಎಲ್ಲ ವಿಂಡೋಸುಗಳೂ ಆ ವಿಭಾಗದ ಉದ್ದಕ್ಕೂ ಸೊನ್ನೆ ಬರೆಯುತ್ತವೆ. ಇಡೀ ಡಿಸ್ಕನ್ನು ಒಂದೇ ಸಲ ಒರೆಸುವುದಕ್ಕೆ ವಿಂಡೋಸಿನಲ್ಲೇ ಇರುವ ಡಿಸ್ಕ್‌ಪಾರ್ಟ್ ಎಂಬ ಸಾಧನದಲ್ಲಿ "ಕ್ಲೀನ್ ಆಲ್" ಎಂಬ ಆಜ್ಞೆಯಿದೆ. ಬರೀ "ಕ್ಲೀನ್" ಎಂದರೆ ಪಾರ್ಟಿಶನ್ ಪಟ್ಟಿ ಮಾತ್ರ ಹೋಗುತ್ತದೆ, "ಆಲ್" ಸೇರಿದರೆ ಮಾತ್ರ ಪ್ರತಿಯೊಂದು ಸೆಕ್ಟರಿಗೂ ಸೊನ್ನೆ ಬೀಳುತ್ತದೆ. ಎಂಟರ್ ಒತ್ತುವ ಮೊದಲು ಆಯ್ದ ಡಿಸ್ಕಿನ ಸಂಖ್ಯೆಯನ್ನೂ ಗಾತ್ರವನ್ನೂ ಮತ್ತೊಮ್ಮೆ ಓದಿಕೊಳ್ಳಿ, ಇಲ್ಲದಿದ್ದರೆ ಈಗ ಕೆಲಸ ಮಾಡುತ್ತಿರುವ ಕಂಪ್ಯೂಟರಿನ ಡಿಸ್ಕೇ ಖಾಲಿಯಾದೀತು. 500 ಜಿಬಿಯ ಹಾರ್ಡ್‌ಡಿಸ್ಕಿಗೆ ಹಳೆಯ ಯುಎಸ್‌ಬಿ 2.0 ಪೋರ್ಟಿನಲ್ಲಿ ನಾಲ್ಕು ಗಂಟೆಯೇ ಬೇಕಾದೀತು. ಕರೆಂಟು ಹೋಗದ ಹೊತ್ತು ನೋಡಿ ಶುರುಮಾಡಿ.

ಉತ್ತರ: ಪೆರ್ಲದವನು, ಈಗ ಮಂಗಳೂರಿನಲ್ಲಿ

ಉಪ್ಪಳದವರು ಹೇಳಿದ್ದು ತಿರುಗುವ ಹಾರ್ಡ್‌ಡಿಸ್ಕಿನ ಮಟ್ಟಿಗೆ ಪೂರ್ತಿ ಸರಿ. ಅಲ್ಲಿ ಒಂದು ಸಲ ಮೇಲೆ ಬರೆದರೆ ಸಾಕು. 35 ಸಲ ಬರೆಯಬೇಕೆಂಬ ಮಾತು 1996ರ ಪೀಟರ್ ಗುಟ್‌ಮನ್ ಅವರ ಪ್ರಬಂಧದಿಂದ ಬಂದದ್ದು, ಅದು ಅಂದಿನ ಬೇರೆ ಬೇರೆ ಬಗೆಯ ಡಿಸ್ಕುಗಳನ್ನೆಲ್ಲ ಲೆಕ್ಕಕ್ಕೆ ಹಿಡಿದ ಸಂಖ್ಯೆ. ಅಮೆರಿಕದ ಸರ್ಕಾರಿ ಮಾನದಂಡ ಸಂಸ್ಥೆಯಾದ ಎನ್‌ಐಎಸ್‌ಟಿ 2014ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯೂ ಕಾಂತೀಯ ಡಿಸ್ಕಿಗೆ ಒಂದು ಸಲದ ಬರಹ ಸಾಮಾನ್ಯವಾಗಿ ಸಾಕೆಂದೇ ಹೇಳಿತ್ತು.

ಎಸ್‌ಎಸ್‌ಡಿಗೆ ಈ ಮಾತು ಒಪ್ಪುವುದಿಲ್ಲ, ಮತ್ತು ಇದನ್ನು ನಾನು ಒತ್ತಿ ಹೇಳಬೇಕಾಗಿದೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬರೆದರೆ ಅದರ ಕೋಶಗಳು ಸವೆಯುವುದರಿಂದ, ಒಳಗಿನ ಕಂಟ್ರೋಲರ್ ಎಂಬ ನಿಯಂತ್ರಕ ಚಿಪ್ಪು ಪ್ರತಿಯೊಂದು ಹೊಸ ಬರಹವನ್ನೂ ಬೇರೆ ಜಾಗಕ್ಕೆ ಕಳಿಸುತ್ತದೆ, ಅಲ್ಲದೆ ನಮ್ಮ ಕಣ್ಣಿಗೆ ಬೀಳದ ಹೆಚ್ಚುವರಿ ಜಾಗವನ್ನೂ ತನ್ನ ಬಳಕೆಗೆ ಇಟ್ಟುಕೊಂಡಿರುತ್ತದೆ. ನಾವು ಸೊನ್ನೆ ಬರೆದೆವೆಂದುಕೊಂಡಾಗಲೂ ಹಳೆಯ ಆಧಾರ್ ಪ್ರತಿಯೊಂದು ಆ ಜಾಗದಲ್ಲಿ ಉಳಿದಿರಬಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಸ್ಯಾನ್ ಡಿಯೇಗೊ ಕೇಂದ್ರದ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಪರೀಕ್ಷೆಗಳಲ್ಲಿ, ಒಂದೊಂದೇ ಫೈಲನ್ನು ಅಳಿಸುವ ಯಾವ ವಿಧಾನವೂ ಎಸ್‌ಎಸ್‌ಡಿಯಲ್ಲಿ ಫಲ ಕೊಡಲಿಲ್ಲ. ಇಡೀ ಡಿಸ್ಕಿನ ಮೇಲೆ ಎರಡು ಸಲ ಬರೆಯುವುದು ಹೆಚ್ಚಿನ ಕಡೆ ಸಾಕಾದರೂ ಎಲ್ಲ ಕಡೆ ಸಾಕಾಗಲಿಲ್ಲ.

ಎಸ್‌ಎಸ್‌ಡಿಗೆ ಅದರದ್ದೇ ಒಳ ಆಜ್ಞೆಗಳಿವೆ: ಸಾಟಾದಲ್ಲಿ ಸೆಕ್ಯೂರ್ ಇರೇಸ್, ಎನ್‌ವಿಎಂಇಯಲ್ಲಿ ಫಾರ್ಮ್ಯಾಟ್ ಮತ್ತು ಸ್ಯಾನಿಟೈಸ್. ಇವು ಯುಎಸ್‌ಬಿ ಎನ್‌ಕ್ಲೋಶರಿನ ಮೂಲಕ ಸಾಮಾನ್ಯವಾಗಿ ದಾಟುವುದಿಲ್ಲ. ಡಿಸ್ಕನ್ನು ಇನ್ನೊಂದು ಲ್ಯಾಪ್‌ಟಾಪಿನ ಒಳಗೇ ಕೂರಿಸಿ, ಅದರ ಬಯೋಸಿನಲ್ಲಿ (ವಿಂಡೋಸಿಗಿಂತ ಮೊದಲು ತೆರೆಯುವ ಸೆಟ್ಟಿಂಗ್ ಪುಟ) ಆ ಆಯ್ಕೆಯಿದ್ದರೆ ಅಲ್ಲಿಂದ ಕೊಡಬೇಕು. ಕಚೇರಿಗಳಿಗೆಂದು ಮಾಡಿದ ಡೆಲ್, ಎಚ್‌ಪಿ, ಲೆನೊವೊ ಮಾದರಿಗಳಲ್ಲಿ ಈ ಆಯ್ಕೆ ಹೆಚ್ಚಾಗಿ ಇರುತ್ತದೆ. ಮೊದಲಿನಿಂದಲೂ ಬಿಟ್‌ಲಾಕರ್ ಬೀಗ ಹಾಕಿದ್ದ ಡಿಸ್ಕಾದರೆ ಭಯ ಬಹಳ ಕಡಿಮೆ, ಏಕೆಂದರೆ ಕೀ ಇಲ್ಲದವರಿಗೆ ಅದರಲ್ಲಿ ಏನನ್ನೂ ಓದಲಾಗದು.

ಒಳಗಿರುವುದು ಊರಿನವರ ದಾಖಲೆಗಳಾದ್ದರಿಂದ ನನ್ನ ಅಭಿಪ್ರಾಯ ಇಷ್ಟೇ: ಎಸ್‌ಎಸ್‌ಡಿ ಆಗಿದ್ದರೆ ಅದನ್ನು ಮಾರಬೇಡಿ. 2003ರಲ್ಲಿ ಅಮೆರಿಕದ ಎಂಐಟಿಯ ಸಿಮ್ಸನ್ ಗಾರ್ಫಿಂಕಲ್ ಮತ್ತು ಅಭಿ ಶೆಲತ್ ಎಂಬವರು ಹಳೆ ಮಾರುಕಟ್ಟೆಯಲ್ಲಿ ಕೊಂಡ 158 ಹಾರ್ಡ್‌ಡಿಸ್ಕುಗಳ ಬಗ್ಗೆ ಬರೆದಿದ್ದರು. ಅವುಗಳಲ್ಲಿ ಓದಲು ಸಾಧ್ಯವಾದ 129ರ ಪೈಕಿ ಸರಿಯಾಗಿ ಅಳಿಸಿದ್ದವು 12 ಮಾತ್ರ. ಮಾರಿದವರಲ್ಲಿ ಹೆಚ್ಚಿನವರು ತಾವು ಅಳಿಸಿಯೇ ಕೊಟ್ಟಿದ್ದೇವೆ ಎಂದುಕೊಂಡಿರಬೇಕು.

ಪ್ರಶ್ನೆ ಕೇಳಿದವರು: ಬದಿಯಡ್ಕದ ಡಿಟಿಪಿ ಅಂಗಡಿ

ಇಬ್ಬರಿಗೂ ತುಂಬಾ ಧನ್ಯವಾದಗಳು. ಮುಚ್ಚಳ ಬಿಚ್ಚಿಸಿ ನೋಡಿದಾಗ ಹೇಳಿದಂತೆ ಎರಡೂ ಇದ್ದವು, ಒಂದು ಎಂ.2 ಎಸ್‌ಎಸ್‌ಡಿ ಮತ್ತು ಒಂದು 1 ಟಿಬಿಯ ಹಾರ್ಡ್‌ಡಿಸ್ಕು. ಹಾರ್ಡ್‌ಡಿಸ್ಕು ಎನ್‌ಕ್ಲೋಶರಿನಲ್ಲಿ ತೆರೆಯಿತು, ಪ್ರಸಂಗದ ಫೈಲು ಪೂರ್ತಿಯಾಗಿ ಸಿಕ್ಕಿದೆ. ಎಸ್‌ಎಸ್‌ಡಿಯನ್ನು ಮಾತ್ರ ಯಾವ ಕಂಪ್ಯೂಟರೂ ಗುರುತಿಸುತ್ತಿಲ್ಲ. ಕೊಳ್ಳುವವರು ಡಿಸ್ಕು ಸಹಿತ ಬೇಕು, ಸತ್ತ ಎಸ್‌ಎಸ್‌ಡಿಯಾದರೂ ಅಡ್ಡಿಯಿಲ್ಲ ಎನ್ನುತ್ತಿದ್ದಾರೆ. ಗುರುತೇ ಸಿಗದ ಮೇಲೆ ಅದನ್ನು ಕೊಟ್ಟರೆ ತೊಂದರೆಯಿದೆಯೇ?

ಉತ್ತರ: ಕುಂಬಳೆಯ ಓದುಗರೊಬ್ಬರು

ಮೇಲಿನವರು ಡಿಸ್ಕಿನ ಬಗ್ಗೆ ವಿವರವಾಗಿ ಹೇಳಿರುವುದರಿಂದ ನಾನು ಖಾತೆಗಳ ಬಗ್ಗೆ ಮಾತ್ರ ಸೇರಿಸುತ್ತೇನೆ. ಆ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಪಾಸ್‌ವರ್ಡುಗಳನ್ನು ಉಳಿಸಿದ್ದರೆ ಎಲ್ಲವನ್ನೂ ಈಗಲೇ ಬದಲಿಸಿ. ಗೂಗಲ್ ಮತ್ತು ಮೈಕ್ರೋಸಾಫ್ಟ್ ಖಾತೆಗಳ ಸಾಧನಗಳ ಪಟ್ಟಿಯಿಂದ ಅದನ್ನು ತೆಗೆಯಿರಿ, ಆದರೆ ಎಸ್‌ಎಸ್‌ಡಿಗೆ ಬಿಟ್‌ಲಾಕರ್ ಇದ್ದಿರಬಹುದಾದ್ದರಿಂದ ಮೈಕ್ರೋಸಾಫ್ಟ್ ಖಾತೆಯಲ್ಲಿ ರಿಕವರಿ ಕೀ ಇದೆಯೇ ಎಂದು ಮೊದಲು ನೋಡಿ ಬರೆದಿಟ್ಟುಕೊಳ್ಳಿ. ಗಿರಾಕಿಗಳು ವಾಟ್ಸ್ಯಾಪಿನಲ್ಲಿ ಕಳಿಸಿದ ಕಾಗದಗಳನ್ನು ಲ್ಯಾಪ್‌ಟಾಪಿನಲ್ಲೇ ತೆರೆಯುತ್ತಿದ್ದಿರಾದರೆ, ಮೊಬೈಲಿನ ಲಿಂಕ್ಡ್ ಡಿವೈಸಸ್ ಎಂಬಲ್ಲಿಂದ ಅದನ್ನು ಲಾಗೌಟ್ ಮಾಡಿ. ಇದಕ್ಕೆ ಯಾವುದಕ್ಕೂ ಲ್ಯಾಪ್‌ಟಾಪು ಆನ್ ಆಗಬೇಕಾಗಿಲ್ಲ.

ಉತ್ತರ: ಉಪ್ಪಳದ ಕಂಪ್ಯೂಟರ್ ರಿಪೇರಿಯವನು

ಅಕ್ಕ, ಸತ್ತ ಎಸ್‌ಎಸ್‌ಡಿಯನ್ನು ಖಂಡಿತ ಕೊಡಬೇಡಿ. ಎಸ್‌ಎಸ್‌ಡಿ ಬಗ್ಗೆ ಪೆರ್ಲದವರು ಹೇಳಿದ್ದು ಸರಿ, ಅದನ್ನು ನಾನೂ ಒಪ್ಪುತ್ತೇನೆ. ಕಂಪ್ಯೂಟರ್ ಗುರುತಿಸದಿರುವುದಕ್ಕೆ ಕಾರಣ ಕಂಟ್ರೋಲರ್ ಅಥವಾ ವಿದ್ಯುತ್ ಕೊಡುವ ಸಣ್ಣ ಬಿಡಿಭಾಗ ಸುಟ್ಟಿರುವುದಾಗಿರಬಹುದು, ಆಗ ದಾಖಲೆ ಹಿಡಿದಿರುವ ಮೆಮೊರಿ ಚಿಪ್ಪುಗಳಿಗೆ ಏನೂ ಆಗಿರುವುದಿಲ್ಲ. ಪರಿಣತರು ಅದನ್ನು ಸರಿಮಾಡಿ ಓದಬಲ್ಲರು. ಅಳಿಸಲು ಸಾಧ್ಯವಿಲ್ಲದ ಡಿಸ್ಕನ್ನು ಒಡೆಯುವುದೊಂದೇ ದಾರಿ.

ಒಡೆಯುವ ಮುನ್ನ ಎನ್‌ಕ್ಲೋಶರ್ ಸರಿಯಾದ ಬಗೆಯದ್ದೇ ಎಂಬುದನ್ನು ಖಚಿತಪಡಿಸಿಕೊಳ್ಳಿ. ಹಲಗೆಯ ಚಿನ್ನದ ಬಣ್ಣದ ಅಂಚಿನಲ್ಲಿ ಒಂದೇ ಕಚ್ಚಿದ್ದರೆ ಹೆಚ್ಚಾಗಿ ಎನ್‌ವಿಎಂಇ, ಎರಡು ಕಚ್ಚುಗಳಿದ್ದರೆ ಹೆಚ್ಚಾಗಿ ಸಾಟಾ. ಅದೂ ಸರಿಯಿದ್ದು ಗುರುತು ಸಿಗುತ್ತಿಲ್ಲವಾದರೆ, ಮೇಲಿನ ಚೀಟಿಯನ್ನು ಕಿತ್ತು ನೋಡಿ. ಉಗುರಿನಷ್ಟೋ ಅದಕ್ಕಿಂತ ದೊಡ್ಡದೋ ಆದ ಕಪ್ಪು ಚೌಕಗಳು ಕಾಣುತ್ತವೆ, ಕೆಲವು ಹಲಗೆಗಳಲ್ಲಿ ಎರಡೂ ಬದಿಗೆ ಇರುತ್ತವೆ. ಆ ಒಂದೊಂದು ಚೌಕವೂ ಪುಡಿಯಾಗಬೇಕು. ಹಲಗೆಯನ್ನು ನಡುವೆ ಮುರಿದರೆ ಚಿಪ್ಪುಗಳು ಹಾಗೆಯೇ ಉಳಿಯಬಹುದು. ದಪ್ಪ ಗೋಣಿಚೀಲದಲ್ಲಿ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿಕೊಂಡು ಸುತ್ತಿಗೆಯಿಂದ ಹೊಡೆಯಿರಿ. ಅಯಸ್ಕಾಂತದಿಂದ ಎಸ್‌ಎಸ್‌ಡಿಗೆ ಏನೂ ಆಗುವುದಿಲ್ಲ. ಬೆಂಕಿಗೆ ಹಾಕಲೇಬೇಡಿ, ಆ ಹೊಗೆ ವಿಷ. ಪುಡಿಯಾದದ್ದನ್ನು ಇ-ತ್ಯಾಜ್ಯವೆಂದು ಬೇರೆ ಕಟ್ಟಿ, ಪಂಚಾಯತಿನಲ್ಲಿ ಇ-ತ್ಯಾಜ್ಯ ಸಂಗ್ರಹಿಸುವ ದಿನ ಯಾವುದೆಂದು ಕೇಳಿ ಮನೆಮನೆಯ ತ್ಯಾಜ್ಯ ಸಂಗ್ರಹಿಸುವ ಹರಿತ ಕರ್ಮ ಸೇನೆಯವರಿಗೆ ಕೊಡಿ.

ಹಾರ್ಡ್‌ಡಿಸ್ಕಿಗೆ "ಕ್ಲೀನ್ ಆಲ್" ಕೊಟ್ಟು ಅದು ಯಾವ ದೋಷವನ್ನೂ ತೋರಿಸದೆ ಕೊನೆಯವರೆಗೆ ಮುಗಿದರೆ, ಹೊಸದಾಗಿ ಫಾರ್ಮ್ಯಾಟ್ ಮಾಡಿ ನೀವೇ ಬ್ಯಾಕಪ್ಪಿಗೆ ಇಟ್ಟುಕೊಳ್ಳಬಹುದು, ಕೊಳ್ಳುವವರು ಬಿಡದಿದ್ದರೆ ಅದೊಂದನ್ನು ಕೊಡಲೂಬಹುದು. ನಡುವೆ ದೋಷ ಬಂದು ನಿಂತರೆ ಮಾತ್ರ ಅದಕ್ಕೂ ಸುತ್ತಿಗೆಯೇ ಗತಿ. ಎರಡೂವರೆ ಇಂಚಿನ ಡಿಸ್ಕಿನ ತಟ್ಟೆಗಳು ಹೆಚ್ಚಾಗಿ ಗಾಜಿನವು, ಚೂರು ಸಿಡಿಯುವುದರಿಂದ ಪೆಟ್ಟಿಗೆ ಬಿಚ್ಚದೆಯೇ ಹೊಡೆಯಬೇಕು.

ನಮ್ಮ ಅಂಗಡಿಯಲ್ಲಿ ಬಿಡಿಭಾಗಗಳಿಗಾಗಿ ಕೊಳ್ಳುವಾಗ ನಾವು ಬೆಲೆ ಕಟ್ಟುವುದು ಸ್ಕ್ರೀನಿಗೆ, ರ‍್ಯಾಮಿಗೆ, ಹೊರಗಿನ ಕವಚಕ್ಕೆ. ಸತ್ತ ಎಸ್‌ಎಸ್‌ಡಿಗೆ ಯಾರೂ ದುಡ್ಡು ಕೊಡುವುದಿಲ್ಲ. ಅದು ಬೇಕೇ ಬೇಕೆಂದು ಹಟ ಹಿಡಿಯುವವರಿದ್ದರೆ ಬೇರೆ ಗಿರಾಕಿಯನ್ನು ನೋಡಿ. ಕೊಡುವಾಗ ಚೀಟಿಯಲ್ಲಿ ಲ್ಯಾಪ್‌ಟಾಪಿನ ಸೀರಿಯಲ್ ನಂಬರಿನ ಜೊತೆಗೆ "ಎಸ್‌ಎಸ್‌ಡಿ ಇಲ್ಲದೆ ಮಾರಿದ್ದು" ಎಂದು ಬರೆದು, ಕೊಂಡವರ ಸಹಿ ಹಾಕಿಸಿಕೊಳ್ಳಿ.