ಗೇಟ್ ವಾಲ್ವಿನಲ್ಲಿ ಹಗ್ಗ ಅದುಮುವ ತುಂಡಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೆ?

ಸಿದ್ದಾಪುರ ತೋಟ:
ಹೂ ಅರಳಿಸುವ ಹೂಮಳೆ ಕಾಣುತ್ತಿಲ್ಲ, ರೊಬಸ್ಟಾ ಕಾಫಿಗೆ ಸ್ಪ್ರಿಂಕ್ಲರ್ ಶುರು ಮಾಡಬೇಕು. ಕೆರೆ ಪಂಪಿನ ಡೆಲಿವರಿ ಲೈನಿನ 4 ಇಂಚಿನ ಗೇಟ್ ವಾಲ್ವಿನಲ್ಲಿ ಸ್ಪಿಂಡಲ್ (ಚಕ್ರದ ಜೊತೆ ತಿರುಗುವ ಕಂಬಿ) ಸುತ್ತ ನೀರು ಚಿಮ್ಮುತ್ತಿದೆ. ಅಲ್ಲಿ ನೀರು ಸೋರದಂತೆ ತುಂಬಿದ ಹಗ್ಗವನ್ನು ಎರಡು ಬೋಲ್ಟಿನಿಂದ ಅದುಮುವ ಬೀಡು ಕಬ್ಬಿಣದ ತುಂಡಿನ ಒಂದು ಕಿವಿ (ಬೋಲ್ಟ್ ತೂತಿರುವ ಚಾಚು) ಮುರಿದಿದೆ. ಅಂಗಡಿಯಲ್ಲಿ ‘ಗ್ಲ್ಯಾಂಡ್’ ಅಂದರೆ ಹಗ್ಗ ಕೊಡುತ್ತಾರೆ. ಆ ತುಂಡು ತರಿಸಲು ಕೊಯಮತ್ತೂರಿಗೆ ಏನಂತ ಬರೆದು ಕಳಿಸಲಿ?

ಗೋಣಿಕೊಪ್ಪ ಫಿಟ್ಟರ್:
‘ಗ್ಲ್ಯಾಂಡ್ ಫಾಲೋವರ್’ ಅಂತ ಬರೆಯಿರಿ ಸರ್. ಹಗ್ಗ ‘ಗ್ಲ್ಯಾಂಡ್ ಪ್ಯಾಕಿಂಗ್’, ಅದು ಕೂರುವ ಗುಂಡಿ ‘ಸ್ಟಫಿಂಗ್ ಬಾಕ್ಸ್’. ಬರೀ ‘ಗ್ಲ್ಯಾಂಡ್’ ಅಂದರೂ ತಪ್ಪಲ್ಲ, ಆದರೆ ಅಂಗಡಿಯಲ್ಲಿ ಆದ ಗೊಂದಲವೇ ಮತ್ತೆ ಆಗುತ್ತದೆ. ಕೆಲವು ವಾಲ್ವಿನಲ್ಲಿ ಕಿವಿ ಇರುವ ಮೇಲಿನ ಪಟ್ಟಿ ಬೇರೆ, ಕೆಳಗಿನ ಬುಷ್ ಬೇರೆ. ಆಗ ಪಟ್ಟಿಗೆ ‘ಗ್ಲ್ಯಾಂಡ್ ಫ್ಲ್ಯಾಂಜ್’, ಬುಷ್‌ಗೆ ‘ಫಾಲೋವರ್’. ನಿಮ್ಮದು ಒಂದೇ ಎರಕವೋ ಎರಡೋ ನೋಡಿ. ಹೆಸರೊಂದೇ ಸಾಲದು: ಸ್ಪಿಂಡಲ್ ದಪ್ಪ, ಗುಂಡಿಯ ಒಳವ್ಯಾಸ, ಬೋಲ್ಟ್ ತೂತುಗಳ ನಡುವಿನ ಅಂತರ, ಬಾಡಿ ಮೇಲಿನ ಪಿಎನ್ ಸಂಖ್ಯೆ (ವಾಲ್ವ್ ತಡೆಯುವ ಒತ್ತಡದ ದರ್ಜೆ), ಇಷ್ಟನ್ನೂ ಫೋಟೋ ಜೊತೆ ಕಳಿಸಿ.

ಕುಶಾಲನಗರ ವಾಲ್ವ್:
ಕಿವಿ ಮುರಿಯುವುದು ಹೆಚ್ಚಾಗಿ ಒಂದೇ ಬೋಲ್ಟನ್ನು ಬಿಗಿದಾಗ. ತುಂಡು ಓರೆಯಾಗಿ ಸ್ಪಿಂಡಲ್ಲಿಗೂ ಉಜ್ಜುತ್ತದೆ, ಅಲ್ಲಿ ಗೀರು ಬಿದ್ದರೆ ಹೊಸ ಹಗ್ಗವೂ ನಿಲ್ಲುವುದಿಲ್ಲ. ಎರಡನ್ನೂ ಕಾಲು ಸುತ್ತಿನಂತೆ ಬದಲಿಸಿ ಬಿಗಿಯಬೇಕು, ಚಕ್ರ ಕೈಯಲ್ಲಿ ತಿರುಗುತ್ತಲೇ ಇರಬೇಕು.
ಬಿಚ್ಚುವ ಮುಂಚೆ ಲೈನ್ ಖಾಲಿ ಮಾಡಿ. ಪೈಪು ಗುಡ್ಡ ಹತ್ತಿ 30 ಮೀಟರ್ ಎತ್ತರ ನೀರು ನಿಂತಿದ್ದರೆ, ಪಂಪ್ ನಿಲ್ಲಿಸಿದ್ದರೂ ವಾಲ್ವಿನ ಮೇಲೆ ಚದರ ಸೆಂ.ಮೀ.ಗೆ ಸುಮಾರು 3 ಕೆಜಿ ಒತ್ತಡ ಇರುತ್ತದೆ. ಹಳೇ ಹಗ್ಗ ಪೂರ್ತಿ ಕಿತ್ತು, ಹೊಸದನ್ನು ಸ್ಪಿಂಡಲಿಗೆ ಸುತ್ತಿ 45 ಡಿಗ್ರಿ ಓರೆಯಲ್ಲಿ ಕತ್ತರಿಸಿ, ಬಿಡಿ ಉಂಗುರಗಳನ್ನಾಗಿ ಕೂರಿಸಿ. ಉದ್ದ ಹಗ್ಗವನ್ನೇ ಸುರುಳಿ ಸುತ್ತಿ ತುರುಕಬೇಡಿ. ಜೋಡಣೆಗಳು ಒಂದರ ಮೇಲೊಂದು ಬರಬಾರದು, ಒಂದೊಂದು ಉಂಗುರಕ್ಕೂ 90 ಡಿಗ್ರಿ ತಿರುಗಿಸಿ ಕೂರಿಸಿ.

ಸಿದ್ದಾಪುರ ತೋಟ:
ಒಂದೇ ಎರಕ. ಸ್ಪಿಂಡಲ್ 24, ಗುಂಡಿ 40 ಮಿ.ಮೀ. ಹಗ್ಗ ಎಷ್ಟರದ್ದು ತರಲಿ? ಮನೆಯ ಸಣ್ಣ ಹಿತ್ತಾಳೆ ವಾಲ್ವಿಗೂ ಇದೇ ಹೆಸರಾ?

ಗೋಣಿಕೊಪ್ಪ ಫಿಟ್ಟರ್:
40ರಲ್ಲಿ 24 ಕಳೆದು ಅರ್ಧ ಮಾಡಿ, 8 ಮಿ.ಮೀ. ಚದರ ಹಗ್ಗ. ಸಣ್ಣದರಲ್ಲಿ ಬೋಲ್ಟ್ ಇಲ್ಲ, ತಿರುಪಿನ ನಟ್ಟೇ ಹಗ್ಗ ಅದುಮುತ್ತದೆ, ಅದು ‘ಗ್ಲ್ಯಾಂಡ್ ನಟ್’.