ಪಿಯು ಮಕ್ಕಳನ್ನ ಹೊರದೇಶದವರ ಜೊತೆ ಆನ್‌ಲೈನಲ್ಲಿ ಇಂಗ್ಲಿಷ್ ಬರೆಯೋಕೆ ಹಚ್ಚೋದು ಹೇಗೆ?

ಇಂಗ್ಲಿಷ್ ಮೇಷ್ಟ್ರು: ಪ್ರಥಮ ಪಿಯುಸಿ, 40 ಮಕ್ಕಳು, ಬಹುತೇಕ ಕನ್ನಡ ಮಾಧ್ಯಮದವರು. ಗ್ರಾಮರ್ ಪರವಾಗಿಲ್ಲ. ಹೊರಗಿನ ವಿದ್ಯಾರ್ಥಿಗಳ ಜೊತೆ ಚಾಟ್‌ಗೆ ಕೂರಿಸಿದರೆ 'ಹಾಯ್, ಐ ಆಮ್ ಫೈನ್' ಆದಮೇಲೆ ಮಾತೇ ಹೊರಡಲ್ಲ. ಇಂಟರ್ನಲ್ ಮಾರ್ಕ್ಸ್ ಆಸೆ ತೋರಿಸಿದರೂ ಅಷ್ಟೇ. ದಾರಿ ಏನಾದರೂ ಇದೆಯಾ?

ಜೇಡರಬಲೆ: ಸರ್, ಬರೀ ಪರಿಚಯ ಮಾಡ್ಕೊಳ್ಳಿ ಅಂದರೆ ಎರಡು ಸಾಲಿಗೆ ಮುಗಿಯೋದೇ. ಒಬ್ಬರಿಗೆ ಇನ್ನೊಬ್ಬರಿಂದ ಆಗಬೇಕಾದ ಕೆಲಸ ಏನೂ ಇಲ್ಲವಲ್ಲ! ಐನ್ಯಾಚುರಲಿಸ್ಟ್ ಹಚ್ಚಿಸಿ ನೋಡಿ; ಕಂಡ ಜೀವಿಯ ಫೋಟೊ ಹಾಕಿದರೆ ಬೇರೆ ಬೇರೆ ದೇಶದವರು ಅದು ಯಾವುದು ಅಂತ ಗುರುತಿಸಿ ಹೇಳೋ ವೆಬ್‌ಸೈಟ್ ಅದು. ಹೊಲದ ಬದುವಿನ ಜೇಡವೋ ಪತಂಗವೋ ಸಿಕ್ಕರೆ ಮೂರು ಫೋಟೊ: ಮೇಲಿಂದ, ಪಕ್ಕದಿಂದ, ಕೂತಿದ್ದ ಗಿಡದ್ದು. ಜೊತೆಗೆ ಇಂಗ್ಲಿಷಿನಲ್ಲಿ ಮೂರೇ ವಾಕ್ಯ: ಎಲ್ಲಿತ್ತು, ಎಷ್ಟು ದೊಡ್ಡದು, ಏನು ಮಾಡ್ತಿತ್ತು. ಯಾರಾದರೂ ಗುರುತಿಸಿದರೆ 'ಥ್ಯಾಂಕ್ಸ್' ಅಂದು ಸುಮ್ಮನಾಗಬಾರದು, 'ಹೌ ಕ್ಯಾನ್ ಯು ಟೆಲ್?' ಅಂತ ಕೇಳಬೇಕು. ಅಸಲಿ ಮಾತುಕತೆ ಶುರುವಾಗೋದು ಅಲ್ಲಿ. 'ರಿಸರ್ಚ್ ಗ್ರೇಡ್' (ಗುರುತು ನಂಬಬಹುದು ಅನ್ನೋ ದರ್ಜೆ) ಸಿಗಬೇಕಾದರೆ ಗುರುತಿಸಿದವರಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಜನ ಒಂದೇ ಪ್ರಭೇದ ಅನ್ನಬೇಕು. ಒಪ್ಪದವರು ಬಂದರೆ ವಾದ ನಡೆಯುತ್ತೆ, ಓದೋಕೆ ಇನ್ನೂ ಚೆನ್ನ.

ಕೆಡೋದು ಎಲ್ಲಿ ಅಂದರೆ, ಕಾಲೇಜು ಅಂಗಳದ ದಾಸವಾಳವನ್ನೇ ಎಲ್ಲರೂ ಹಾಕಿಬಿಡ್ತಾರೆ. ನೆಟ್ಟು ಬೆಳೆಸಿದ ಗಿಡ 'ಕ್ಯಾಶುಯಲ್' (ಆ ದರ್ಜೆಗೆ ಸಲ್ಲದ) ಪಟ್ಟಿಗೆ ಬೀಳುತ್ತೆ, ಆ ಕಡೆ ಯಾರೂ ತಿರುಗಿ ನೋಡಲ್ಲ, ಉತ್ತರ ಬರದೆ ಮಕ್ಕಳ ಉತ್ಸಾಹ ಠುಸ್. ಮಸುಕು ಫೋಟೊಗೂ ಇದೇ ಗತಿ. ಒಂದು ದಿನಕ್ಕೆ ಐದೇ ಮಕ್ಕಳಿಗೆ ಫೋಟೊ ಹಾಕೋಕೆ ಬಿಡಿ. ಮನೆ ಹತ್ತಿರದ ಫೋಟೊ ಆದರೆ ಜಾಗವನ್ನ 'ಅಬ್ಸ್ಕ್ಯೂರ್ಡ್' (ನಿಖರವಾಗಿ ಕಾಣದ ಹಾಗೆ) ಮಾಡಿಸಲೇಬೇಕು, ಇಲ್ಲದಿದ್ದರೆ ಮನೆ ಎಲ್ಲಿದೆ ಅಂತ ಮ್ಯಾಪಲ್ಲಿ ಕಾಣುತ್ತೆ.

ಕೆಂಪುಪೆನ್ನು: ಜೇಡ ಕಂಡರೆ ಓಡೋ ಮಕ್ಕಳೂ ಇರ್ತಾರಪ್ಪ! ಅಂಥವರಿಗೆ ಪ್ರಶ್ನೋತ್ತರದ ವೆಬ್‌ಸೈಟ್ ಸ್ಟ್ಯಾಕ್ ಎಕ್ಸ್‌ಚೇಂಜ್‌ನ 'ಇಂಗ್ಲಿಷ್ ಲ್ಯಾಂಗ್ವೇಜ್ ಲರ್ನರ್ಸ್' ಇದೆ, 2013ರಿಂದ ನಡೀತಿದೆ. 'ನನ್ನ ಪ್ಯಾರಾ ತಿದ್ದಿಕೊಡಿ' ಅಂದರೆ ಪ್ರಶ್ನೆ ಮುಚ್ಚಿಬಿಡ್ತಾರೆ. ವಾಕ್ಯ ಎಲ್ಲಿ ಓದಿದ್ದು, ಡಿಕ್ಷನರಿಲಿ ಏನು ಸಿಕ್ಕಿತು, ಗೊಂದಲ ಯಾವ ಪದದಲ್ಲಿ ಅಂತ ಬರೆದರೆ ಉತ್ತರ ಸಿಗುತ್ತೆ.

ಇನ್ನೊಂದು, ಎದುರಿನವರು ಅಮೆರಿಕದವರೇ ಆಗಬೇಕಿಲ್ಲ. ಬ್ರೆಜಿಲ್‌ನ ಹುಡುಗಿಯೂ ಕಲೀತಾನೇ ಬರೀತಾಳೆ ಅಂತ ಗೊತ್ತಾದರೆ ಅರ್ಧ ಭಯ ಹೋಯ್ತು. ಲೈವ್ ಚಾಟ್ ಸದ್ಯಕ್ಕೆ ಬೇಡ. ನ್ಯೂಯಾರ್ಕ್‌ಗೂ ನಮಗೂ ಚಳಿಗಾಲದಲ್ಲಿ ಹತ್ತೂವರೆ ತಾಸು ವ್ಯತ್ಯಾಸ, ಕ್ಲಾಸಿನ ಹೊತ್ತು ಕೂಡಿಬರಲ್ಲ. ಮೇಲಾಗಿ ಅಂಜೋ ಮಕ್ಕಳಿಗೆ ಯೋಚಿಸಿ ಬರೆಯೋಕೆ ಪುರುಸೊತ್ತು ಬೇಕು.

ಇಂಗ್ಲಿಷ್ ಮೇಷ್ಟ್ರು: ಹಾಕೋ ಮುಂಚೆ ನಾನು ತಿದ್ದಬೇಕಾ?

ಜೇಡರಬಲೆ: ಅರ್ಥ ಕೆಡೋ ಕಡೆ ಮಾತ್ರ. 'ಇಟ್ ಹ್ಯಾವ್ ಎಯ್ಟ್ ಲೆಗ್ಸ್' ಹಾಗೇ ಹೋಗಲಿ. 'ಸ್ಪೈಡರ್ ಕಿಲ್ ವಾಸ್ಪ್' ಅಂತ ಬರೆದಿದ್ದು, ಕೊಂದಿದ್ದು ಕಣಜ ಆಗಿದ್ದರೆ, ಅದನ್ನ ತಿದ್ದಿಸಿ.